ನಷ್ಟದ ಮನೆಯ ಮಾಲೀಕರು

ಶನಿವಾರ ಬಾಡಿಗೆ ಮನೆ ನೋಡಲು ಬಂದವರ ಸಾಲಿನಲ್ಲಿ ನಾನೂ ನನ್ನ ಗಂಡ ಡೆಸ್ಮಂಡನೂ ನಿಂತಿದ್ದೆವು. ಆಸ್ಟ್ರೇಲಿಯಾದ ಟೂವೂಂಬಾ ಊರಿನ ಬಿಸಿಲು ನೆತ್ತಿ ಸುಡುತ್ತಿತ್ತು. ಸೋಮವಾರದೊಳಗೆ ಸೂರು ಸಿಗದಿದ್ದರೆ ಕಾರಿನಲ್ಲೇ ಮಲಗಬೇಕು. ಹೇಳಿದರೆ ಜನ ನಕ್ಕಾರು, ನಾವು ಮನೆಮಾಲೀಕರು.

ಎಲ್ಲ ಶುರುವಾದದ್ದು ಡೆಸ್ಮಂಡನ ಅಣ್ಣ ಕ್ಲೈವ್ ಬಾರ್ಬೆಕ್ಯೂ ಮೇಲೆ ಸಾಸೇಜ್ ಮಗುಚುತ್ತಾ ಹೇಳಿದ ಪಾಠದಿಂದ. "ನಿಮ್ಮನೆ ಬೆಲೆಯಲ್ಲಿ ಸಾಲ ಕಳೆದ್ರೆ ಉಳಿಯೋದೇ ಈಕ್ವಿಟಿ. ಸುಮ್ನೆ ಕೊಳೀತಾ ಇದೆ. ಅದನ್ನ ಅಡ ಇಟ್ಟು ಗಣಿ ಊರಲ್ಲಿ ಇನ್ನೊಂದು ಮನೆ ತಗೊಳ್ಳಿ."

"ಅಲ್ಲಪ್ಪಾ ಕ್ಲೈವ್, ಬಾಡಿಗೆಗಿಂತ ಬಡ್ಡಿನೇ ಜಾಸ್ತಿ ಆಗತ್ತಲ್ಲ?" ಅಂದೆ.

"ಆಗ್ಲಿ ಬಿಡೇ ಮಾರಾಯ್ತಿ! ಅದಕ್ಕೇ ನೆಗೆಟಿವ್ ಗೇರಿಂಗ್ ಅನ್ನೋದು. ಆ ನಷ್ಟಾನ ಡೆಸ್ಸಿ ಸಂಬಳದಲ್ಲಿ ಕಳೆದು ತೋರಿಸಿ, ತೆರಿಗೆ ಇಳಿಯತ್ತೆ. ಮನೆ ಮಾತ್ರ ಖಾಲಿ ಬಿಡಬೇಡಿ."

ಸಂಬಳವೇ ನಿಂತರೆ ಏನು ಗತಿ ಎಂದು ಆ ಪಂಡಿತನೂ ಹೇಳಲಿಲ್ಲ, ನಾವೂ ಕೇಳಲಿಲ್ಲ; ಮನೆ ಕೊಂಡೇಬಿಟ್ಟೆವು.

ಡೆಸ್ಮಂಡ್ ಕೆಲಸ ಮಾಡುತ್ತಿದ್ದ ಮಾಂಸದ ಕಾರ್ಖಾನೆ ಮುಚ್ಚಿತು. ಕಳೆಯಲು ಸಂಬಳವಿಲ್ಲದ ಮೇಲೆ ನಷ್ಟ ಬರೀ ನಷ್ಟವಾಯಿತು. ಗಣಿಯಲ್ಲೂ ಕೆಲಸ ಕಡಿಮೆಯಾಗಿ ಅಲ್ಲಿನ ಮನೆಯನ್ನು ಕೊಳ್ಳುವ ಗಿರಾಕಿಯೇ ಇಲ್ಲ. ಅಡ ಇಟ್ಟಿದ್ದ ನಮ್ಮ ಮನೆಯನ್ನೇ ಬ್ಯಾಂಕು ಮಾರಿಸಿತು. ಗಣಿ ಊರಿಗೇ ಹೋಗೋಣವೆಂದರೆ ಬಾಡಿಗೆದಾರಳು ರೊವೀನಾಗೆ ಮುಂದಿನ ಚಳಿಗಾಲದವರೆಗೆ ಕರಾರಿದೆ. ಮನೆ ಖಾಲಿ ಬೀಳಬಾರದೆಂದು ಅಷ್ಟುದ್ದದ ಕರಾರು ಮಾಡಿಸಿದ್ದೂ ಕ್ಲೈವನೇ.

ಬಾಗಿಲಲ್ಲಿ ಏಜೆಂಟ್ ಹುಡುಗಿ ನಮ್ಮ ಅರ್ಜಿ ನೋಡಿದಳು. "ಹಿಂದಿನ ಓನರ್ ನಂಬರ್ ಎಲ್ಲಿ ಮೇಡಂ?"

"ನಾವೇ ಓನರ್ ಕಣಮ್ಮಾ."

"ಹಾಗಾದ್ರೆ ಬಾಡಿಗೆ ಸರಿಯಾಗಿ ಕಟ್ತೀರಾ ಅಂತ ಹೇಳೋರು ಯಾರೂ ಇಲ್ವಾ?" ಎಂದವಳೇ ನಮ್ಮ ಹಿಂದೆ ನಿಂತವರ ಅರ್ಜಿಗೆ ಕೈ ಚಾಚಿದಳು.

ಕಾರಿನಲ್ಲಿ ಕೂತು, ಡೆಸ್ಮಂಡನಿಗೂ ಕೇಳಲೆಂದು ಸ್ಪೀಕರ್ ಹಾಕಿ, ನಾನೇ ರೊವೀನಾಗೆ ಫೋನ್ ಮಾಡಿದೆ. ಮಾನ ಮರ್ಯಾದೆ ಬಿಟ್ಟು, ಕರಾರು ಮುರಿದು ಮನೆ ಬಿಟ್ಟುಕೊಡುತ್ತೀಯಾ ಎಂದು ಅಂಗಲಾಚಿದೆ.

"ನಾನೆಲ್ಲಿಗೆ ಹೋಗ್ಲಿ, ಹೇಳಿ?" ಎಂದಳು. ಆಮೇಲೆ ಅವಳೇ ಒಂದು ದಾರಿ ಹೇಳಿದಳು: "ಹಿಂದಿನ ಕೋಣೆ ಖಾಲಿ ಇದೆ. ಬೇಕಿದ್ರೆ ನಿಮಗೆ ಬಾಡಿಗೆಗೆ ಕೊಡ್ತೀನಿ. ಆದ್ರೆ ಕರಾರಿನ ಪ್ರಕಾರ ಓನರ್ ಒಪ್ಪಿಗೆ ಬೇಕಂತೆ."

ಡೆಸ್ಮಂಡ್ ಸ್ಟೀರಿಂಗಿಗೆ ತಲೆಯಿಟ್ಟು ಬಿಕ್ಕತೊಡಗಿದ.

"ಒಪ್ಪಿಗೆ ಕೊಡ್ತೀವಮ್ಮಾ," ಅಂದೆ.

"ಬಿಸಿನೀರು ಮಾತ್ರ ಬರಲ್ಲ. ಎಷ್ಟು ಸಲ ಹೇಳಿದ್ರೂ ನೀವು ರಿಪೇರಿ ಮಾಡಿಸ್ಲಿಲ್ಲ."