ಆರನೇ ಚೀಟಿ

ಪ್ರಾರ್ಥನಾ ಸಭೆಯವರು ಅವನಿಗೆ ‘ಗಡಿಯಾರ’ ಎಂದು ಅಡ್ಡಹೆಸರಿಟ್ಟಿದ್ದರು. ಇಪ್ಪತ್ತಾರು ವರ್ಷಗಳಿಂದ ಅವನೇ ಕಾರ್ಯದರ್ಶಿ. ಯಾರು ಎಷ್ಟು ಮನೆಗಳ ಬಾಗಿಲು ತಟ್ಟಿದರು, ಎಷ್ಟು ಗಂಟೆ ದೇವರ ಮಾತು ಹೇಳಿದರು ಎಂಬ ಚೀಟಿಗಳನ್ನು ತಿಂಗಳ ಕೊನೆಗೆ ಕೂಡಿಸಿ ಕೇಂದ್ರ ಕಚೇರಿಗೆ ವರದಿ ಕಳಿಸುವುದು ಅವನ ಕೆಲಸ. ಬಸ್ಸಿಗೆ ಕಾದ ಹೊತ್ತನ್ನೂ ಸೇವೆಯ ಲೆಕ್ಕಕ್ಕೆ ತುರುಕುವ ಜಾಣರು ಅವನ ಮುಂದೆ ಬಾಲ ಮುದುರಿಕೊಳ್ಳುತ್ತಿದ್ದರು. ಒಮ್ಮೆ ಟೈಲರಮ್ಮನೊಬ್ಬಳು ತನ್ನ ತಂಗಿಗೆ ಉಪದೇಶ ಮಾಡಿದ್ದನ್ನು ಅರ್ಧ ಗಂಟೆ ಎಂದು ಬರೆದುಕೊಟ್ಟಿದ್ದಳು. ತಂಗಿಯೂ ಸಭೆಯವಳೇ. “ನಮ್ಮವರಿಗೆ ಹೇಳಿದ್ದು ಲೆಕ್ಕಕ್ಕಿಲ್ಲಮ್ಮ” ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕೆಂಪು ಗೀಟು ಎಳೆದಿದ್ದ.

ಎಂದೂ ಗೀಟು ಬೀಳದ ಚೀಟಿ ಎಂದರೆ ಅವನ ಹೆಂಡತಿಯದು. ತಿಂಗಳಿಗೆ ನಲವತ್ತು ಗಂಟೆ, ಚಪ್ಪಲಿ ಸವೆಸಿ ಮಾಡಿದ ಸೇವೆ. ಆ ಚೀಟಿ ಈಗ ಐದು ತಿಂಗಳಿಂದ ಖಾಲಿ. ಮರೆವಿನ ಕಾಯಿಲೆ. ಮೊದಲು ಬೀದಿಗಳ ಹೆಸರು ಹೋಯಿತು, ಆಮೇಲೆ ನೆಂಟರ ಮುಖ, ಕೊನೆಗೆ ಗಂಡನ ಮುಖವೂ. ಆರು ತಿಂಗಳು ಚೀಟಿ ಖಾಲಿ ಬಂದರೆ ಹೆಸರನ್ನು ಸದಸ್ಯರ ಪಟ್ಟಿಯಿಂದ ತೆಗೆಯಬೇಕು ಎಂಬುದು ನಿಯಮ. ಎಷ್ಟೋ ಮುದುಕರ ಹೆಸರನ್ನು ಅವನೇ ಹೊಡೆದುಹಾಕಿದ್ದ.

ಡಾಕ್ಟರು ಕಾಯಿಲೆಯ ಹೆಸರು ಹೇಳಿದ ದಿನ ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅವನ ಕೈ ಹಿಡಿದಿದ್ದಳು. “ರೀ, ನಾನು ಏನೇ ಮರೀಲಿ, ನನ್ನ ಹೆಸರು ಲೆಕ್ಕದಲ್ಲಿರ್ಬೇಕು. ಆದ್ರೆ ಸುಳ್ಳು ಬರೆದು ಉಳಿಸ್ಬೇಡಿ ಮತ್ತೆ!” ಆಗಲಿ ಎಂದು ಮಾತು ಕೊಟ್ಟಿದ್ದ. ಕೊಟ್ಟ ಮಾತು ಈಗ ಅವನನ್ನು ಒಳಗೊಳಗೇ ಬೇಯಿಸುತ್ತಿತ್ತು.

ಆರನೇ ತಿಂಗಳ ಎರಡನೇ ವಾರ, ಸಂಜೆ ನಾಲ್ಕಕ್ಕೆ, ಅವಳು ಹಳೆಯ ಚೀಲ ಹೆಗಲಿಗೇರಿಸಿ ಹಿತ್ತಿಲ ಬಾಗಿಲಿಂದ ಹೊರಟಳು. ಇವನು ಗಾಬರಿಯಿಂದ ಚಪ್ಪಲಿ ಹುಡುಕುವಷ್ಟರಲ್ಲಿ ಮುಂಬಾಗಿಲ ಬೆಲ್ಲಾಯಿತು. ಮನೆಗೇ ಒಂದು ಸುತ್ತು ಹಾಕಿ ಬಂದಿದ್ದಳು.

“ನಮಸ್ಕಾರ ಅಣ್ಣ, ಐದು ನಿಮಿಷ ಮಾತಾಡಬಹುದಾ? ನೀವು ನಮ್ಮ ಸಭೆಯವರಲ್ಲ ತಾನೇ?”

ಮೂವತ್ತೆಂಟು ವರ್ಷ ‘ರೀ’ ಎಂದ ಬಾಯಿ ‘ಅಣ್ಣ’ ಎಂದಾಗ ಅವನ ಎದೆ ಒಡೆದುಹೋಯಿತು. “ಸಭೆಯವನೇ ಕಣೇ, ನಾನು...” ಎಂದ.

“ಅಯ್ಯೋ, ತಪ್ಪಾಯ್ತು. ನಿಮ್ಮ ಹತ್ರ ಮಾತಾಡಿದ್ರೆ ಲೆಕ್ಕಕ್ಕೆ ಬರಲ್ಲ.” ಅವಳು ತಿರುಗಿ ಹೊರಟವಳು ಮುಂದಿನ ಮನೆ ಯಾವುದೆಂದು ತಿಳಿಯದೆ ಗೇಟಿನ ಹತ್ತಿರ ಅಳುತ್ತ ನಿಂತಳು.

ಮರುದಿನ ಬೆಲ್ಲಾದಾಗ ಅವನು “ಅಲ್ಲಮ್ಮ, ಒಳಗೆ ಬನ್ನಿ” ಎಂದ. ಅವಳ ಮುಖ ಅರಳಿತು. ಅಂದಿನಿಂದ ದಿನಾ ಅರ್ಧ ಗಂಟೆ. ಸತ್ತವರೆಲ್ಲ ಮತ್ತೆ ಸಿಗುವ ದಿನದ ಬಗ್ಗೆ ಒಂದು ಪದ ತಪ್ಪದೆ ಹೇಳುವಳು. ತಿಂಗಳ ಕೊನೆಗೆ ಅವನ ಪುಸ್ತಕದಲ್ಲಿ ಒಂಬತ್ತು ಗಂಟೆಯಾಗಿತ್ತು. ಚೀಟಿಗೆ ಇಳಿಸೋಣವೆಂದು ಪೆನ್ನು ಎತ್ತಿದರೆ ಟೈಲರಮ್ಮ ಕಣ್ಣೆದುರು ಬಂದು ನಿಂತಳು. ಕೇಳಿದವನು ಸಭೆಯವನೇ ಅಲ್ಲವೇ?

ಕೊನೆಯ ದಿನ ಬೆಳಿಗ್ಗೆ ಅವನು ಸಭೆಯ ಹಿರಿಯರ ಕನ್ನಡಕದ ಅಂಗಡಿಗೆ ಹೋಗಿ ಒಂದು ಕಾಗದ ಕೊಟ್ಟ. ಇಂದಿನಿಂದ ತಾನು ಸಭೆಯ ಸದಸ್ಯನಲ್ಲ ಎಂದು ಅದರಲ್ಲಿತ್ತು.

“ಗಡಿಯಾರ ಕೆಟ್ಟುಹೋಯ್ತೇನ್ರೀ?” ಹಿರಿಯರು ಬೆಚ್ಚಿದರು. “ನಿಮ್ಮ ಹೆಂಡತಿ ಚೀಟೀಲಿ ಒಂದರ್ಧ ಗಂಟೆ ಸುಮ್ನೆ ಬರೀರಿ, ಯಾರು ಕೇಳ್ತಾರೆ? ಅರ್ಧ ಸಭೆ ಹಾಗೇ ಬರೆಯುತ್ತೆ.”

“ಗೊತ್ತು. ಅವಳು ಸುಳ್ಳು ಬೇಡ ಅಂದಿದ್ದಾಳೆ.”

“ಬಿಟ್ಟುಹೋದವರ ಮನೆಗೆ ನಮ್ಮವರು ಕಾಲಿಡಲ್ಲ. ನಾಳೆ ನೀವು ಸತ್ರೆ ಹೊರೋಕೂ ಬರಲ್ಲ.”

“ಒಬ್ಬಳು ಬರ್ತಾಳಲ್ಲ, ದಿನಾ ನಾಲ್ಕು ಗಂಟೆಗೆ. ಅಷ್ಟು ಸಾಕು.”

ಹಿರಿಯರು ಕಾಗದ ಮಡಚಿ ಮೇಜಿನ ಖಾನೆಗೆ ಹಾಕಿದರು. ಅವಳು ಹೋದರೂ ಅವನು ಹೋದರೂ ವರದಿಯಲ್ಲಿ ಸದಸ್ಯರ ಸಂಖ್ಯೆ ಅರವತ್ತೆರಡು ಹೋಗಿ ಅರವತ್ತೊಂದಾಗುತ್ತದೆ. ಯಾರು ಕಡಿಮೆಯಾದರು ಎಂದು ಕಚೇರಿಯವರು ಕೇಳುವುದಿಲ್ಲ.

ಮನೆಗೆ ಬಂದು ಆ ಒಂಬತ್ತು ಗಂಟೆಯ ಮೇಲೆ ಕೆಂಪು ಗೀಟು ಎಳೆದ. ಅವಳ ಮಾತು ಕೇಳಿದಾಗ ಅವನಿನ್ನೂ ಸದಸ್ಯ, ಲೆಕ್ಕಕ್ಕಿಲ್ಲ. ಇನ್ನು ಉಳಿದದ್ದು ಇಂದಿನ ಸಂಜೆಯೊಂದೇ. ನಾಲ್ಕು ಹೊಡೆಯಿತು. ಅವಳು ಮಂಚದ ಮೇಲೆ ಕೂತು ತನ್ನ ಅಂಗೈಯನ್ನೇ ನೋಡುತ್ತಿದ್ದಳು. ನಾಲ್ಕೂಕಾಲಾಯಿತು. ‘ಹೊರಡೇ’ ಎಂದು ಬಾಯಿತನಕ ಬಂದದ್ದನ್ನು ನುಂಗಿಕೊಂಡ. ಚೀಲವನ್ನು ಮಾತ್ರ ಅವಳ ಕಾಲ ಬಳಿ ಇಟ್ಟು, ಕಳ್ಳನ ಹಾಗೆ ಹಜಾರಕ್ಕೆ ಬಂದು ಕೂತ.

ಕೊನೆಗೂ ಬೆಲ್ಲಾಯಿತು.

“ನಮಸ್ಕಾರ ಅಣ್ಣ. ನೀವು ನಮ್ಮ ಸಭೆಯವರಲ್ಲ ತಾನೇ?”

“ಅಲ್ಲಮ್ಮ” ಎಂದ. ಈ ಸಲ ಅದು ನಿಜ.

ಅವಳು ಕುರ್ಚಿಯ ತುದಿಯಲ್ಲಿ ಕೂತು ಸುತ್ತ ನೋಡಿದಳು. “ಮನೇಲಿ ಒಬ್ಬರೇನಾ?”

“ಹೆಂಡತಿ ಇದ್ದಾಳೆ. ಸೇವೆಗೆ ಹೋದವಳು ಇನ್ನೂ ಬಂದಿಲ್ಲ.”

“ಬರ್ತಾರೆ ಬಿಡಿ. ಕೊನೇ ಮನೆ ಮುಗಿಸದೆ ಬರೋಕಾಗಲ್ಲ ಅಣ್ಣ. ನಮ್ಮನೆಯವರೂ ಹೀಗೇ ಕಾಯ್ತಾ ಕೂತಿರ್ತಾರೆ, ಪಾಪ.”

ಅವನು ತಲೆಯಾಡಿಸಿ, ಗೋಡೆಯ ಗಡಿಯಾರ ನೋಡಿ, ಚೀಟಿಯ ಮೇಲೆ ಶುರುವಾದ ಹೊತ್ತು ಬರೆದುಕೊಂಡ. ನಾಲ್ಕು ನಲವತ್ತೊಂದು.