ಉಪಕಾರ ಸ್ಮರಣೆಯ ಪುಟ

ಇನ್ನು ಯಾರನ್ನಾದರೂ ಬಿಟ್ಟಿದ್ದೇನೆಯೇ? ಹಂಪನಕಟ್ಟೆಯ ಟೈಪಿಂಗ್ ಕೋಣೆಯ ಹೊಸ್ತಿಲಲ್ಲಿ ನಿಂತು ಇಸಿದೋರ್ ಬೆರಳು ಮಡಿಸುತ್ತಿದ್ದ. ಪ್ರಬಂಧದ ಗೈಡು ಆಯಿತು. ಪ್ರಿನ್ಸಿಪಾಲರು ಆಯಿತು. ಯಾವ ಡಬ್ಬಿಯ ಪೌಡರಿನಲ್ಲಿ ಏನೇನು ಬೆರೆತಿದೆಯೆಂದು ಕಾಲೇಜಿನ ಲ್ಯಾಬಿನಲ್ಲಿ ಪರೀಕ್ಷಿಸಿ ಬರೆದುಕೊಟ್ಟ ಕೆಮಿಸ್ಟ್ರಿಯ ಬೊನಿಫಾಸ್ ಆಯಿತು. ಆರು ವರ್ಷ ಊಟದ ತಟ್ಟೆ ಮುಚ್ಚಿಟ್ಟು ಕಾದ ತಾಯಿ ಗೆರ್ಟ್ರೂಡ್ ಬಾಯಿ ಆಯಿತು. ಇಷ್ಟು ಜನರ ಉಪಕಾರವನ್ನೆಲ್ಲ ಕಳೆದರೆ ತನ್ನದೆಂಬುದು ಏನಾದರೂ ಉಳಿಯುತ್ತದೆಯೇ ಎಂಬ ಯೋಚನೆ ಬಂತು. ಬಂದ ದಾರಿಯಲ್ಲೇ ಅದನ್ನು ಹಿಂದೆ ಕಳಿಸಿದ. ಇವತ್ತು ಕೃತಜ್ಞನಾಗಿರಬೇಕಾದ ದಿನ.

"ಈ ಒಂದು ಪುಟಕ್ಕೆ ನಾನು ಕೂತಿರಬೇಕಾ ಸರ್?" ಟೈಪಿಸ್ಟ್ ವಿನಿಫ್ರೆಡ್ ಕನ್ನಡಕದ ಮೇಲಿನಿಂದ ನೋಡಿದಳು.

"ಒಂದು ಹೆಸರು ಬಾಕಿ ಉಂಟು."

"ಎಂತ ಹೆಸರು?"

"ಕೇಳಿಕೊಂಡು ಬರ್ತೇನೆ."

"ಮೂರು ಗಂಟೆಗೆ ಬೈಂಡಿಂಗಿನವ ಬರ್ತಾನೆ. ಮತ್ತೆ ನನಗೆ ಹೇಳಿ ಪ್ರಯೋಜನ ಇಲ್ಲ."

ಅವಳು ಹೇಳಿದ್ದು ಸರಿ. ಪ್ರಬಂಧ ಒಪ್ಪಿಸಲು ವಿಶ್ವವಿದ್ಯಾಲಯ ಎರಡು ಸಲ ಅವಧಿ ಹೆಚ್ಚಿಸಿ ಕೊಟ್ಟಿತ್ತು; ಮೂರನೆಯ ಸಲ ಇಲ್ಲವೆಂದು ಕಾಗದ ಬಂದಿತ್ತು. ಇವತ್ತಿನ ಅಂಚೆಗೆ ಹಾಕದಿದ್ದರೆ ಆರು ವರ್ಷ ನೀರಲ್ಲಿಟ್ಟ ಹೋಮ. ಡಾಕ್ಟರೇಟಿಲ್ಲದವನನ್ನು ಕಾಲೇಜು ಇನ್ನೊಂದು ವರ್ಷ ಇಟ್ಟುಕೊಳ್ಳುವ ಹಾಗೂ ಇರಲಿಲ್ಲ.

ಅವನ ವಿಷಯ, ಕೆನರಾದ ಹೆಂಗಸರ ಓದಿಗೂ ಅವರು ಸೌಂದರ್ಯ ಸಾಧನಗಳಿಗೆ ಮಾಡುವ ಖರ್ಚಿಗೂ ಇರುವ ಸಂಬಂಧ. ಅರ್ಥಶಾಸ್ತ್ರದವರು ಇದು ಶಿಕ್ಷಣದವರದ್ದು ಎಂದರು, ಶಿಕ್ಷಣದವರು ವ್ಯಾಪಾರದವರದ್ದು ಎಂದರು. ಸ್ಟಾಫ್ ರೂಮಿನಲ್ಲಿ ಅವನಿಗೆ 'ಪೌಡರ್ ಪ್ರೊಫೆಸರ್' ಎಂಬ ಹೆಸರು ಬಿತ್ತು. ಮದುವೆಯಾಗದ ಮೂವತ್ತೆಂಟರ ಗಂಡಸು ಹೆಂಗಸರ ಮುಖದ ಬಗ್ಗೆ ಮುನ್ನೂರು ಪುಟ ಬರೆದದ್ದು ಅವನಿಗೂ ಕೆಲವೊಮ್ಮೆ ನಗು ತರಿಸುತ್ತಿತ್ತು. ಓದು ಹೆಚ್ಚಿದ ಹಾಗೆ ಪೌಡರೂ ಹೆಚ್ಚುತ್ತದೆ: ಇಷ್ಟನ್ನು ಹೇಳಲು ಡಾಕ್ಟರೇಟು ಬೇಕೇ ಎಂದು ಗೈಡು ಕೇಳಿದ್ದರು. ಪ್ರಬಂಧವನ್ನು ಉಳಿಸಿದ್ದು ಆರನೆಯ ಅಧ್ಯಾಯ. ಬಂದರಿನ ಅರವತ್ತೆರಡು ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ಶಾಲೆಯ ಮೆಟ್ಟಿಲು ಹತ್ತದ ಹೆಂಗಸರೂ ಪೌಡರು ಬಳಸುತ್ತಾರೆ! ಗೈಡು ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದಿದ್ದರು: ಇದೇ ನಿಮ್ಮ ಪ್ರಬಂಧ.

ಆ ಮನೆಗಳ ಒಳಗೆ ಅವನು ಕಾಲಿಡುವಂತಿರಲಿಲ್ಲ. ಮನೆಮನೆಗೆ ಬಳೆ ಮಾರುವ ಮುದುಕಿಯೊಬ್ಬಳು ಅವನ ಪರವಾಗಿ ಹೋಗಿದ್ದಳು. ಅವಳಿಗೆ ಓದು ಬಾರದೆಂದು ಅವನೇ ಹಾಳೆಗಳ ಮೇಲೆ ಚಿತ್ರ ಬರೆದುಕೊಟ್ಟಿದ್ದ: ಎಣ್ಣೆಯ ಶೀಶೆ, ಕಣ್ಣಿಗೆ ಹಚ್ಚುವ ಸುರ್ಮದ ಕುಪ್ಪಿ, ಪೌಡರಿನ ಡಬ್ಬಿ. ಯಾವುದು ಇದೆಯೋ ಅದರ ಕೆಳಗೆ ಒಂದು ಗೆರೆ. ಮೂರು ವರ್ಷದಿಂದ ಅವಳನ್ನು 'ನೀವು' ಎಂದು ಕರೆದೇ ಸುಧಾರಿಸಿದ್ದ. ಹೆಸರು ಕೇಳಿರಲೇ ಇಲ್ಲ ಎಂಬುದು ಇವತ್ತು ಬೆಳಿಗ್ಗೆ ಹೊಳೆದು ನಾಚಿಕೆಯಾಗಿತ್ತು.

ಒಣಮೀನಿನ ವಾಸನೆಯ ಓಣಿ ದಾಟಿ ಹೋದಾಗ ಅವಳು ಜಗಲಿಯಲ್ಲಿ ಬಳೆ ಜೋಡಿಸುತ್ತಿದ್ದಳು. ಒಳಬಾಗಿಲಿಗೆ ಪರದೆ ಇಳಿಬಿಟ್ಟಿತ್ತು.

"ಬನ್ನಿ ಮಾಸ್ಟ್ರೇ, ಕೂತ್ಕೊಳ್ಳಿ. ನಾಝಿಮಾ, ಚಾಯ ಮಾಡು, ಮಾಸ್ಟ್ರು ಬಂದಿದ್ದಾರೆ."

ನಾಝಿಮಾ ಮೊಮ್ಮಗಳು. ಟೀಚರ್ ಟ್ರೈನಿಂಗಿಗೆ ಅವಳ ಅರ್ಜಿ ಬರೆದು, ಕೊನೆಯ ದಿನ ತಾನೇ ಕೊಂಡುಹೋಗಿ ಕೊಟ್ಟವನು ಇಸಿದೋರ್. ಅರ್ಧ ದಿನದ ಕೆಲಸ. ಆ ಮನೆ ಇನ್ನೂ ಅದನ್ನು ಮರೆತಿರಲಿಲ್ಲ.

"ನಿಮ್ಮ ಹೆಸರು ಬೇಕಿತ್ತು. ಪುಸ್ತಕದಲ್ಲಿ ಹಾಕ್ಲಿಕ್ಕೆ."

"ನನ್ನ ಹೆಸರಾ? ಬೀಫಾತಿಮ್ಮ. ಎಂತಕ್ಕೆ?"

"ನೀವು ಇಲ್ಲದಿದ್ದರೆ ಈ ಕೆಲಸ ಆಗ್ತಿರಲಿಲ್ಲ."

ಮುದುಕಿಯ ಮುಖ ಅರಳಿತು. "ಅದು ಸತ್ಯ ಮಾಸ್ಟ್ರೇ. ಎಷ್ಟು ಕಷ್ಟ ಆಯ್ತು ಗೊತ್ತುಂಟಾ? ಒಂದು ಮನೆಯಲ್ಲೂ ಪೌಡರ್ ಇರಲಿಲ್ಲ."

ಬರೆಯುತ್ತಿದ್ದ ಕೈ ನಿಂತಿತು.

"ಇರಲಿಲ್ಲವಾ?"

"ಸುರ್ಮ ಉಂಟು, ಎಣ್ಣೆ ಉಂಟು. ಪೌಡರ್ ಎಲ್ಲಿಂದ ಮಾರಾಯ್ರೇ? ನಮ್ಮ ನಾಝಿಮಾನ ಹತ್ರ ಒಂದು ಡಬ್ಬಿ, ಅದೂ ಮೊನ್ನೆ ತಂದದ್ದು."

"ಮತ್ತೆ ಗೆರೆ?"

"ಆ ಡಬ್ಬಿಯ ಚಿತ್ರ ನೀವು ಅಷ್ಟು ಚಂದ ಬರೆದದ್ದು. ಅದರ ಕೆಳಗೆ ಖಾಲಿ ಬಿಟ್ಟರೆ ನೀವು ಪರೀಕ್ಷೆಯಲ್ಲಿ ಫೇಲ್ ಆಗ್ತೀರಲ್ಲ! ನಾಝಿಮಾನಿಗೆ ಉಪಕಾರ ಮಾಡಿದ ಮಾಸ್ಟ್ರು ಅಂತ ಮನೆಮನೆಯಲ್ಲಿ ಹೇಳಿದೆ. ಎಲ್ಲರೂ ಗೆರೆ ಹಾಕಿ ಅಂದರು. ಪಕ್ಕದ ಮನೆಯ ಅಲೀಮಮ್ಮ ನಿಮಗಾಗಿ ದುವಾ ಸಹ ಮಾಡಿದ್ದಾಳೆ."

ಇಸಿದೋರ್ ತನ್ನೊಳಗೆ ಸಿಟ್ಟನ್ನು ಹುಡುಕಿದ. ಸಿಗಲಿಲ್ಲ. ಮುಖ ಕಂಡಿರದ ಅರವತ್ತೆರಡು ಮನೆಯ ಹೆಂಗಸರು ತನ್ನನ್ನು ಪಾಸು ಮಾಡಿಸಲು ಸುಳ್ಳು ಹೇಳಿದ್ದರು. ಹೆಸರು ಕೇಳದವನಿಗಾಗಿ ಯಾರೋ ಪ್ರಾರ್ಥಿಸಿದ್ದರು. ಹುಟ್ಟಿದಂದಿನಿಂದ ಯಾರೂ ತನಗೆ ಇಷ್ಟು ದೊಡ್ಡ ಉಪಕಾರ ಮಾಡಿರಲಿಲ್ಲ ಎನ್ನಿಸಿತು. ಹಾಗೆ ಉಪಕಾರ ಮಾಡಿಯೇ ಅವರು ಅವನ ಕತ್ತು ಕೊಯ್ದಿದ್ದರು. ಆರನೆಯ ಅಧ್ಯಾಯ ತೆಗೆದರೆ ಪ್ರಬಂಧವಿಲ್ಲ. ಇಟ್ಟರೆ, ಇನ್ನು ಬದುಕಿರುವಷ್ಟು ದಿನ ಹೆಸರಿನ ಮುಂದೆ ಅದೇ ಸುಳ್ಳನ್ನು ಹೊತ್ತು ತಿರುಗಬೇಕು.

"ಅದು ಸುಳ್ಳಾಯ್ತಲ್ಲ," ಎಂದ ಮೆಲ್ಲಗೆ.

ಬೀಫಾತಿಮ್ಮನ ಮುಖ ಬಾಡಿತು. "ಸುಳ್ಳಾದರೆ ನಿಮಗೆ ತೊಂದರೆಯಾ?"

"ಸ್ವಲ್ಪ."

ಅವಳು ಬಳೆಗಳನ್ನು ಹಾಗೆಯೇ ಬಿಟ್ಟು ಒಳಗೆ ಹೋದಳು. ಬ್ಯಾರಿ ಭಾಷೆಯಲ್ಲಿ ಮಾತು, ನಾಝಿಮಾಳ ದನಿ, ಹಿತ್ತಿಲ ಬಾಗಿಲು ತೆರೆದ ಸದ್ದು. ಪಕ್ಕದ ಮನೆಗಳಿಂದ ಹೆಂಗಸರು ಬಂದಿರಬೇಕು, ಪಿಸುಮಾತು ಒಂದಕ್ಕೊಂದು ಕೂಡಿಕೊಂಡು ದಪ್ಪವಾಯಿತು. ಚಾಯ ಬರಲಿಲ್ಲ. ಅವನು ಗಡಿಯಾರ ನೋಡಿಕೊಂಡ. ಎರಡೂಕಾಲು. ಎದ್ದು ಹೋಗಬಹುದಿತ್ತು. ಇವರನ್ನು ನೋಯಿಸಿ ಎಲ್ಲಿಗೆ ಹೋಗುವುದೆಂದು ತಿಳಿಯದೆ ಕುಳಿತ.

"ಮಾಸ್ಟ್ರೇ," ಪರದೆಯ ಹಿಂದಿನಿಂದ ಬೀಫಾತಿಮ್ಮ ಕರೆದಳು. ದನಿಯಲ್ಲಿ ಮತ್ತೆ ಗೆಲುವಿತ್ತು. "ಈಗ ಸುಳ್ಳಲ್ಲ. ನೋಡಿ, ಬರ್ಕೊಳ್ಳಿ."

ಪರದೆಯ ಅಂಚಿನಿಂದ ಒಂದು ಕೈ ಹೊರಗೆ ಬಂತು. ಮಣಿಗಂಟಿನ ತನಕ ಪೌಡರು ಬಳಿದ ಬಿಳಿಯ ಕೈ. ಅದರ ಕೆಳಗೆ ಇನ್ನೊಂದು, ಮುದಿ ಕೈ, ಸುಕ್ಕುಗಳ ನಡುವೆ ಬಿಳಿ ನಿಂತಿತ್ತು. ಮತ್ತೊಂದರಲ್ಲಿ ಪೌಡರಿನಡಿಯ ಮದರಂಗಿ ಕೆಂಪಗೆ ಇಣುಕುತ್ತಿತ್ತು. ನಾಲ್ಕು, ಆರು, ಒಂಬತ್ತು. ಯಾರ ಕೈ ಯಾವುದೆಂದು ಹೇಳುವಂತಿರಲಿಲ್ಲ. ಒಳಗೆ ಯಾರೋ ನಗು ತಡೆದುಕೊಂಡರು.

"ಉಳಿದ ಮನೆಯವರಿಗೂ ಹೇಳಿ ಕಳಿಸಿದ್ದೇನೆ. ಬರ್ತಾ ಇದ್ದಾರೆ."

"ದೊಡ್ಡ ಉಪಕಾರ ಆಯ್ತು," ಎಂದ ಇಸಿದೋರ್. ಅದು ನಿಜವಾಗಿತ್ತು. ಎದ್ದು ನಿಂತು ಆ ಕೈಗಳಿಗೆ ಕೈ ಮುಗಿದ. ಯಾರೂ ಕಂಡಿರಲಾರರು.

ಪೆನ್ನಿನ ಟೊಪ್ಪಿ ತೆಗೆದ. ಮಧ್ಯಾಹ್ನದ ಬಿಸಿಲಿನಲ್ಲಿ ಪೌಡರು ಸಣ್ಣಗೆ ಹೊಸ್ತಿಲ ಮೇಲೆ ಉದುರುತ್ತಿತ್ತು. ಪರದೆ ಅಲುಗಿತು; ಇನ್ನೊಂದು ಬಿಳಿಯ ಕೈ ಹೊರಗೆ ಬಂದು, ಐದೂ ಬೆರಳು ಬಿಚ್ಚಿ, ಅವನು ಬರೆಯುವುದನ್ನೇ ಕಾಯುತ್ತ ನಿಂತಿತು.