ತಗ್ಗಿನ ಮನೆ

"ಕುಡ್ದ್‌ಬುಟ್ಟಾ? ನುಂಗ್‌ಬುಟ್ಟಾ, ಹೇಲು ಹೊರೋ ನನ್ಮಗನೇ?"

ಮೇಸ್ತ್ರಿ ಟೋಗರ್ ಕಾಲುವೆಯ ಅಂಚಿನಲ್ಲಿ ನಿಂತು ಕೂಗುತ್ತಿದ್ದ. ಕೆಳಗೆ, ಎದೆಮಟ್ಟ ಅಗೆದ ಮಣ್ಣಿನಲ್ಲಿ, ಲೌಸ್ಟ್ ಬಿಯರಿನ ಹೂಜಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ನುಂಗಿದ್ದು ನಿಜ. ತುಟಿಯ ಮೇಲಿನ ನೊರೆ ಇನ್ನೂ ಆರಿರಲಿಲ್ಲ.

ಮಣ್ಣಿನ ಗಾಡಿಯ ಪಕ್ಕ ಕುದುರೆ ಹಿಡಿದು ನಿಂತಿದ್ದ ಅವನ ಹೆಂಡತಿ ಸಿಡ್ಸೆಲ್‌ಗೆ ನಡೆದದ್ದು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಹೂಜಿ ಸಾಲಿನಲ್ಲಿ ಬಾಯಿಂದ ಬಾಯಿಗೆ ಬರುತ್ತದೆ, ಲೌಸ್ಟ್‌ನನ್ನು ಬಿಟ್ಟು ಮುಂದಿನವನ ಕೈಗೆ ಹೋಗುತ್ತದೆ. ಅವನಿಗೆ ಬೇರೆ ಲೋಟವಿದೆ. ಎಲ್ಲಿಯೂ ಊರಿ ಇಡಲಾಗದಂತೆ ಬೇಕೆಂದೇ ಕಾಲು ಮುರಿದ ಗಾಜಿನ ಲೋಟ. ಊರಿನ ಪಾಯಿಖಾನೆಯ ಪೀಪಾಯಿ ಹೊರುವವರಿಗೆ ಅವನ ಅಜ್ಜನ ಕಾಲದಿಂದಲೂ ಅದೇ. ಪಕ್ಕದಲ್ಲಿ ಅಗೆಯುತ್ತಿದ್ದ ಆಲ್ಗೊಟ್ ಮೊನ್ನೆಯಷ್ಟೇ ಸ್ವೀಡನ್ನಿನಿಂದ ಕೂಲಿಗೆ ಬಂದವನು. ಯಾರೂ ಅವನಿಗೆ ಹೇಳಿರಲಿಲ್ಲ. ತಾನು ಕುಡಿದು, "ತಗೋರಿ ಅಣ್ಣಾರ" ಎಂದು ಲೌಸ್ಟ್‌ಗೆ ಕೊಟ್ಟುಬಿಟ್ಟಿದ್ದ.

ಟೋಗರ್ ಹೂಜಿಯನ್ನು ಮುಟ್ಟಲಿಲ್ಲ. ಸಲಿಕೆ ಬೀಸಿ, ಲೌಸ್ಟ್‌ನ ಕೈಯಲ್ಲೇ ಅದನ್ನು ಚೂರುಮಾಡಿದ.

"ಏನಾತ್ರೀ ಈಗ? ನೀರಡಿಸಿದ್ರು, ಕೊಟ್ಟೆ," ಎಂದ ಆಲ್ಗೊಟ್.

"ಓಹೋಹೋ, ದೊಡ್ಡ ಧರ್ಮರಾಯ! ಇನ್ಮ್ಯಾಕೆ ನೀನೂ ಅವನ ಲೋಟದಾಗೇ ಕುಡಿಯಪ್ಪ. ನೆಂಟಸ್ತನ ಬೆಳಸ್ಕಳಿ."

ಕಾಲುವೆಯಲ್ಲಿದ್ದವರೆಲ್ಲ ನಕ್ಕರು. ಅಂದಿನಿಂದ ಹೊಸ ಹೂಜಿ ಆಲ್ಗೊಟ್‌ನನ್ನೂ ದಾಟಿ ಹೋಗತೊಡಗಿತು. ಸಿಡ್ಸೆಲ್ ಗಾಡಿಯ ಮರೆಯಲ್ಲಿ ಗಂಡನ ಅಂಗೈಯಿಂದ ಮಡಕೆಯ ಚೂರುಗಳನ್ನು ಕಿತ್ತಳು.

ಆ ಕಾಲುವೆ ಊರಿನ ಹೊಸ ಒಳಚರಂಡಿಗೆಂದು ತೋಡಿದ್ದು. ವಸಂತದಲ್ಲಿ ಪುರಸಭೆಯ ಅಧ್ಯಕ್ಷ ಬಿರ್ಕಡಾಲ್ ಸಾಹೇಬರು ಗಂಡಹೆಂಡಿರನ್ನು ತಮ್ಮ ಮನೆಗೆ ಕರೆಸಿದ್ದರು. ರೂಢಿಯಂತೆ ಅವರನ್ನು ಅಂಗಳದಲ್ಲೇ ನಿಲ್ಲಿಸಿ ಕಿಟಕಿ ತೆರೆದು ಮಾತಾಡಿದರು. ಒಳಗೆ ಮೇಜಿನ ಮೇಲೆ ದೊಡ್ಡ ನಕ್ಷೆ ಹರಡಿತ್ತು.

"ನೋಡಮ್ಮ, ಊರಲ್ಲಿ ಕಾಯಿಲೆ ನಿಲ್ಲಬೇಕಾದರೆ ಕೊಳವೆ ಹಾಕಲೇಬೇಕು. ಬ್ಯಾಂಕಿನವರು ಸಾಲ ಕೊಡ್ತಾರೆ. ಮನೆಯ ಮುಂಭಾಗ ಎಷ್ಟು ಅಗಲ ಇದೆಯೋ ಅಷ್ಟಕ್ಕೆ ಎಲ್ಲರೂ ಕಂದಾಯ ಕಟ್ತಾರೆ. ಆದರೂ ಸಾಲದು. ಅದಕ್ಕೇ ತಗ್ಗಿನ ಮನೆ ಮಾರೋದು ಅಂತ ಸಭೆಯಲ್ಲಿ ತೀರ್ಮಾನ ಆಗಿದೆ. ಮೀನಿನ ವರ್ತಕರೊಬ್ಬರು ಕೊಳ್ತಾರೆ."

"ನಮ್ಮನೇನಾ ಬುದ್ಧೀ?"

"ನಿಮ್ಮದು ಎಲ್ಲಮ್ಮ? ಅದು ಪುರಸಭೆಯ ಮನೆ. ಕೆಲಸದ ಜೊತೆ ಕೊಟ್ಟಿದ್ದು. ಕೊಳವೆ ಬಂದ ಮೇಲೆ ಪೀಪಾಯಿ ಹೊರೋ ಕೆಲಸ ಎಲ್ಲಿದೆ?"

"ನಮ್ಗೆ ಈ ಊರಾಗೆ ಬ್ಯಾರೆ ಯಾರು ಬಾಡಿಗೆಗೆ ಕೊಟ್ಟಾರು ಬುದ್ಧಿ? ಚಳಿಗಾಲ ಎಲ್ಲಿ ಕಳೆಯಾನ?"

"ನವೆಂಬರ್ ಒಂದಕ್ಕೆ ಬಾಡಿಗೆಯವರೆಲ್ಲ ಮನೆ ಬದಲಾಯಿಸೋದು ರೂಢಿ, ನೀವೂ ಬದಲಾಯಿಸಿ. ಅಲ್ಲೀವರೆಗೆ ಅಗೆಯೋ ಕೆಲಸ ಇದೆ. ಕೂಲಿ ಸಿಗುತ್ತೆ."

ಒಲ್ಲೆನೆಂದರೆ ನಾಳೆಯ ರೊಟ್ಟಿಯಿಲ್ಲ. ಲೌಸ್ಟ್ ಟೊಪ್ಪಿ ತೆಗೆದು ಹೂಂ ಎಂದ. ಕಿಟಕಿ ಮುಚ್ಚಿತು.

ಹಿತ್ತಿಲ ಬಾಗಿಲಿಂದ ಮುದುಕಿ ಅಡುಗೆಯವಳು ಓಡಿಬಂದು ಬಿಸಿ ಆಲೂಗಡ್ಡೆಗಳನ್ನು ಸಿಡ್ಸೆಲ್‌ಳ ಮಡಿಲಿಗೆ ಹಾಕಿದಳು. ಕೈಗೆ ಕೈ ತಾಗಿತು. ಮುದುಕಿ ಕೈ ಒರೆಸಿಕೊಳ್ಳಲಿಲ್ಲ. ಅಂದಿನ ಮಾತುಗಳಲ್ಲಿ ಅರ್ಧವನ್ನು ಸಿಡ್ಸೆಲ್ ಮರೆತಳು, ಅದನ್ನು ಮರೆಯಲಿಲ್ಲ.

ಅಗೆಯುತ್ತ ಅಗೆಯುತ್ತ ಕಾಲುವೆ ಬೇಸಿಗೆಯ ಕೊನೆಗೆ ಅವರದೇ ಬಾಗಿಲಿಗೆ ಬಂತು. ಊರಿನಲ್ಲಿ ಅದಕ್ಕಿಂತ ತಗ್ಗು ಜಾಗವಿಲ್ಲ. ಹೊಸ್ತಿಲ ಮುಂದೆಯೇ ಒಂದು ಗುಂಡಿ ಕಟ್ಟಿ ಕಬ್ಬಿಣದ ಮುಚ್ಚಳ ಹಾಕಿದರು. ಗುಂಡಿಯ ತಳದಿಂದ ಕೊಳವೆ ಕೊಲ್ಲಿಗೆ ಹೋಗುತ್ತಿತ್ತು. ಕೆಲಸ ಮುಗಿಯುವ ತನಕ ಕೊಲ್ಲಿಯ ನೀರು ಒಳನುಗ್ಗದಿರಲೆಂದು ಆ ಕೊಳವೆಗೆ ಮರದ ಬಿರಡೆ ಜಡಿದಿದ್ದರು. ಉದ್ಘಾಟನೆಯ ಬೆಳಿಗ್ಗೆ ಲೌಸ್ಟ್ ಗುಂಡಿಗಿಳಿದು ಅದನ್ನು ಕೀಳಬೇಕೆಂದು ಹುಕುಂ ಆಗಿತ್ತು.

ಆ ಬೆಳಿಗ್ಗೆ ಅವನು ಬೂಟು ಹಾಕಿಕೊಳ್ಳುತ್ತಿದ್ದಾಗ ಸಿಡ್ಸೆಲ್ ಬಾಗಿಲಿಗೆ ಅಡ್ಡ ನಿಂತಳು.

"ಇಳೀಬ್ಯಾಡ."

"ಹುಚ್ಚಾ ನಿಂಗೆ? ಕೂಲಿ ಹಿಡೀತಾರೆ."

"ಕೂಲಿ ತಗಂಡು ಯಾವ ಒಲೆ ಮ್ಯಾಲೆ ಬೇಯಿಸ್ತೀಯ? ಕುಂತ್ಕೊ."

ಅವನು ಕುಳಿತ. ಬೂಟು ಮಾತ್ರ ಬಿಚ್ಚಲಿಲ್ಲ.

ಮೇಲಿನ ಬೀದಿಯಲ್ಲಿ ಬ್ಯಾಂಡು ಶುರುವಾಯಿತು. ಅಧ್ಯಕ್ಷರ ಮನೆಯ ಹೊಸ ಪಾಯಿಖಾನೆಯಲ್ಲಿ ಅತಿಥಿಗಳು ಸರದಿಯ ಮೇಲೆ ನೀರು ಸುರಿಸುವ ಸರಪಳಿ ಎಳೆಯುತ್ತಿದ್ದರು. ಪ್ರತಿ ಸಲವೂ ಚಪ್ಪಾಳೆ ಕೇಳಿಸುತ್ತಿತ್ತು. ಮನೆಮನೆಯವರೂ ತಮ್ಮ ಪೀಪಾಯಿಗಳನ್ನು ಕೊಳವೆಗೆ ಸುರಿದರು. ಗುಂಡಿಯ ಮುಚ್ಚಳದ ಸುತ್ತ ಗುಳ್ಳೆ ಏಳತೊಡಗಿತು.

ಟೋಗರ್ ಓಡಿಬಂದ. ಹಿಂದೆ ರೇಷ್ಮೆ ಟೊಪ್ಪಿಯ ಅಧ್ಯಕ್ಷರು, ಮೂಗಿಗೆ ಕರವಸ್ತ್ರ. ಅವರ ಹಿಂದೆ ಅಗೆಯುವವರೆಲ್ಲ.

"ಬಿರಡೆ ಕಿತ್ತಿಲ್ವೇನ್ಲಾ ಬೇವಾರ್ಸಿ? ಇಳಿಯಲಾ!"

"ಲೌಸ್ಟ್, ಬೇಗ ಇಳಿ," ಎಂದರು ಅಧ್ಯಕ್ಷರು. "ಚಳಿಗಾಲದ ವಿಷಯ ಆಮೇಲೆ ನೋಡೋಣ."

"ಆಮ್ಯಾಕ್ ಬ್ಯಾಡ ಬುದ್ಧಿ," ಎಂದಳು ಸಿಡ್ಸೆಲ್. "ಮನೆ ನಮ್ಗೇ ಅಂತ ಈಗ್ಲೇ, ಇವರೆಲ್ಲರ ಮುಂದೆ ಹೇಳಿ."

"ಅದು ಮಾರಾಟ ಆಗಿಹೋಗಿದೆಯಮ್ಮ."

"ಹಂಗಾದ್ರೆ ನೀವೇ ಇಳೀರಿ."

ಲೌಸ್ಟ್‌ನ ಕಾಲು ತಾನಾಗಿ ಮುಂದೆ ಹೋಯಿತು. ಹುಟ್ಟಿದಾಗಿನಿಂದ ಕರೆದ ಕಡೆಗೆ ಹೋಗಿದ್ದ ಕಾಲು. ಸಿಡ್ಸೆಲ್ ಅವನ ತೋಳು ಹಿಡಿದಳು.

"ಯಾರಾದ್ರೂ ಇಳೀರ್ಲಾ!" ಟೋಗರ್ ತಿರುಗಿ ಕೂಗಿದ. ಒಬ್ಬರೂ ಕದಲಲಿಲ್ಲ. ಅದರಲ್ಲಿ ಇಳಿದವನಿಗೆ ನಾಳೆಯಿಂದ ಹೂಜಿಯಿಲ್ಲ, ಮಗಳಿಗೆ ಗಂಡಿಲ್ಲ. ಮೇಸ್ತ್ರಿಯ ಕಣ್ಣು ಆಲ್ಗೊಟ್‌ನ ಮೇಲೆ ನಿಂತಿತು. "ನೀ ಇಳಿಯಲಾ. ನಿಂಗೇನು, ನೀ ಆಗ್ಲೇ ಕೆಟ್ಟೋಗಿದ್ದೀಯ."

"ಆವತ್ತ ನನ್ನ ಇವರ ಜೋಡಿ ಕೂಡಿಸಿಬಿಟ್ರಲ್ರೀ ಮೇಸ್ತ್ರಿ," ಎಂದು ಆಲ್ಗೊಟ್ ಬಂದು ಹೊಸ್ತಿಲ ಮೇಲೆ ಕುಳಿತ. "ಇವರು ಇಳಿದ್ರ ನಾನೂ ಇಳೀತೀನಿ."

ಮುಚ್ಚಳ ಒಮ್ಮೆ ಎದ್ದು ಬಿತ್ತು. ಕಂದು ನೀರು ಕಲ್ಲುಗಳ ಸಂದಿಯಲ್ಲಿ ಹರಿಯಿತು. ಅಧ್ಯಕ್ಷರು ಹಿಂದೆ ಸರಿದರು.

"ಮೊದ್ಲು ಮುಳುಗೋದು ನಿನ್ನ ಮನೇನೇ ಕಣೇ ಮುಂಡೆ!" ಎಂದು ಟೋಗರ್ ಅಬ್ಬರಿಸಿದ.

"ನಮ್ಮನೆ ಯಾವ್ದು ಮೇಸ್ತ್ರಿ? ಪುರಸಭೆ ಮನೆ ಅಲ್ವಾ. ಮುಳುಗ್ಲಿ."

ಒಳಗೆ ನೆಲದ ಮೇಲೆ ಹಾಸಿಗೆಯಿತ್ತು. ಮೂಲೆಯಲ್ಲಿ ಚಳಿಗಾಲದ ಆಲೂಗಡ್ಡೆಯ ರಾಶಿಯಿತ್ತು. ಅವೆಲ್ಲ ಅವಳಿಗೆ ನೆನಪಿಗೆ ಬಂದವು. ಎತ್ತಿಡಲು ಹೋಗಲಿಲ್ಲ. ಅವಳೂ ಹೊಸ್ತಿಲ ಮೇಲೆ ಕುಳಿತಳು, ಲೌಸ್ಟ್‌ನನ್ನೂ ಕೂರಿಸಿದಳು.

ಬಾಗಿಲ ಮೊಳೆಗೆ ದಾರದಿಂದ ತೂಗುಹಾಕಿದ್ದ ಲೌಸ್ಟ್‌ನ ಕಾಲಿಲ್ಲದ ಲೋಟವನ್ನು ಆಲ್ಗೊಟ್ ಇಳಿಸಿ, ಜೇಬಿನ ಸೀಸೆಯಿಂದ ಬಿಯರ್ ಬಗ್ಗಿಸಿದ. ಎಲ್ಲರೂ ನೋಡುತ್ತಿದ್ದಂತೆ ಒಂದು ಗುಟುಕು ಕುಡಿದು ಲೌಸ್ಟ್‌ಗೆ ಕೊಟ್ಟ.

ಮೇಲೆ ಇನ್ನೂ ಬ್ಯಾಂಡು ಬಾರಿಸುತ್ತಿತ್ತು. ಸರಪಳಿ ಎಳೆಯುತ್ತಲೇ ಇದ್ದರು. ಚಪ್ಪಾಳೆ ಬೀಳುತ್ತಲೇ ಇತ್ತು. ಲೋಟವನ್ನು ಕೆಳಗಿಡುವಂತಿರಲಿಲ್ಲ. ಮೂವರೂ ಅದನ್ನು ಕೈಯಿಂದ ಕೈಗೆ ದಾಟಿಸುತ್ತ ಕುಳಿತಿದ್ದಂತೆ ನೀರು ಅವರ ಬೂಟುಗಳನ್ನು ಸುತ್ತಿ, ಹೊಸ್ತಿಲು ಏರಿ, ಒಳಗೆ ಹೋಯಿತು.